ಹಕ್ಕಿ ನೋಡಲು ಹೋಗಿ ಮಾನ ಕಳೆದ ಶುಕ್ರವಾರ

ಕೆಲವರಿಗೆ ಎಲ್ಲಿ ಹೋದರೂ ಪರಿಚಯದವರು ಸಿಗುತ್ತಾರೆ. ನನಗೆ ಎಲ್ಲಿ ಹೋದರೂ ಮಾನ ಹೋಗುತ್ತದೆ. ದೋಹಾದ ಆಫೀಸಿನಲ್ಲಿ ಹನ್ನೆರಡು ವರ್ಷ ಅದನ್ನು ಕಳೆದುಕೊಂಡದ್ದು ಸಾಲದೆಂದು, ಏಪ್ರಿಲಿನ ಒಂದು ಶುಕ್ರವಾರ ಮರುಭೂಮಿಗೂ ಹೋಗಿ ಕಳೆದುಕೊಂಡು ಬಂದೆ.

ಆಫ್ರಿಕಾದಿಂದ ಉತ್ತರಕ್ಕೆ ಹಾರುವ ವಲಸೆ ಹಕ್ಕಿಗಳು ಆಗ ಇಲ್ಲಿನ ಹುಲ್ಲಿನ ತೋಟಗಳಲ್ಲಿ ಇಳಿಯುತ್ತವೆ. ದೋಹಾದ ಅಬು ಹಮೂರಿನಲ್ಲಿರುವ ನಮ್ಮೂರ ಟೀಚರೊಬ್ಬರು ಐದಾರು ಜನರನ್ನು ಕಟ್ಟಿಕೊಂಡು ನೋಡಲು ಹೋಗುತ್ತಾರೆ. "ಹಕ್ಕಿಗಳ ಬಗ್ಗೆ ನನಗೂ ಸ್ವಲ್ಪ ಗೊತ್ತುಂಟು ಟೀಚರೇ" ಎಂದು ನಾನು ಹೇಳಿದ್ದೇ ತಪ್ಪಾಯಿತು.

೧. ಅಂಗಿ

"ಮಣ್ಣಿನ ಬಣ್ಣದ ಬಟ್ಟೆ ಹಾಕಿ ಬನ್ನಿ" ಎಂದು ಅವರು ವಾಟ್ಸಾಪಿನಲ್ಲಿ ಬರೆದಿದ್ದರು. ನಾನು ಓದಿರಲಿಲ್ಲ. ನಾನಿರುವ ಅಲ್ ಹಿಲಾಲಿನಲ್ಲಿ ಕಾರು ನಿಲ್ಲಿಸಿ, ನನ್ನ ಕಿತ್ತಳೆ ಟೀ ಶರ್ಟನ್ನು ಮೇಲಿಂದ ಕೆಳಗೆ ನೋಡಿದರು.

"ನೀವು ಹಕ್ಕಿ ನೋಡ್ಲಿಕ್ಕೆ ಬಂದದ್ದಾ, ಹಕ್ಕಿಗಳಿಗೆ ತೋರಿಸ್ಲಿಕ್ಕೆ ಬಂದದ್ದಾ?"

ಕೊನೆಗೆ ಅವರದೇ ಬೂದು ಶಾಲು ತಲೆಯಿಂದ ಸೊಂಟದವರೆಗೆ ಹೊದ್ದುಕೊಂಡೆ. ತೋಟದ ಗೇಟಿನ ಕಾವಲುಗಾರ ನನಗೇ "ಗುಡ್ ಮಾರ್ನಿಂಗ್, ಮೇಡಂ" ಎಂದು ಸೆಲ್ಯೂಟ್ ಹೊಡೆದ.

೨. ಅಮ್ಮನ ಫೋನು

ಟೀಚರ್ ಥಟ್ಟನೆ ಕೈಯೆತ್ತಿದರು. ಬೇಲಿಯಂಚಿನ ಮರದಲ್ಲಿ ಹೊನ್ನಕ್ಕಿ! ಹಳದಿ ಮೈ, ಕಪ್ಪು ರೆಕ್ಕೆ. "ಮೂರು ವರ್ಷದಿಂದ ಇದಕ್ಕೇ ಕಾದದ್ದು" ಎಂದು ಪಿಸುಗುಟ್ಟಿ ಕ್ಯಾಮೆರಾ ಎತ್ತಿದರು. ಆಗಲೇ ನನ್ನ ಫೋನು ಬೊಬ್ಬೆ ಹಾಕಿತು. ಬಂದ್ ಮಾಡುವ ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿಬಿಟ್ಟೆ.

"ತಿಂಡಿ ಆಯ್ತಾ ಮಗಾ?" ಉಡುಪಿಯಿಂದ ಅಮ್ಮ.

ಹಕ್ಕಿ ಹಾರಿಹೋಯಿತು. "ಹಳದಿ ಹಕ್ಕಿ ನೋಡ್ತಾ ಇದ್ದೆವಮ್ಮ..."

"ಅದಕ್ಕೆ ಕತಾರಿಗೆ ಹೋಗ್ಬೇಕಾ? ನಮ್ಮ ಬಾವಿಕಟ್ಟೆಯ ಮಾವಿನ ಮರದಲ್ಲಿ ದಿನಾ ಕೂತಿರ್ತದೆ!"

ಟೀಚರ್ ಕ್ಯಾಮೆರಾ ಇಳಿಸಿದರು. "ಅಮ್ಮನ ನಂಬರ್ ಕೊಡಿ. ಇನ್ನು ನಾನು ಅವರ ಜೊತೆಗೇ ಹೋಗ್ತೇನೆ."

೩. ಆಫ್ರಿಕಾದ ಅತಿಥಿ

ಅವರ ಮುಖ ನೋಡಲಾಗದೆ ದೂರ ಸರಿದೆ. ಪಂಪ್‌ಹೌಸಿನ ನೆರಳಿನಲ್ಲಿ ಒಂದು ಲಾವಕ್ಕಿ ಕೂತಿತ್ತು. ಹತ್ತಿರ ಹೋದರೂ ಹಾರಲಿಲ್ಲ. ದಣಿದಿದೆ, ಪಾಪ! ಎತ್ತಿಕೊಂಡು, ಬಾಟಲಿಯ ಮುಚ್ಚಳದಲ್ಲಿ ನೀರು ಕುಡಿಸಿ, ಎಲ್ಲರನ್ನೂ ಕರೆದೆ. ಟೀಚರರ ಮುಖವೂ ಮೆತ್ತಗಾಯಿತು. ಹೋದ ಮಾನವನ್ನು ಇಲ್ಲೇ ವಾಪಸ್ ತರಬೇಕೆಂದು ಶುರು ಮಾಡಿದೆ: "ಎಷ್ಟು ಸಾವಿರ ಮೈಲಿ ಹಾರಿ ಬಂದಿದೆಯೋ! ನಾವೂ ಹೀಗೇ ಅಲ್ವಾ ಟೀಚರೇ, ಹೊಟ್ಟೆಪಾಡಿಗೆ ಊರು ಬಿಟ್ಟು..." ನನ್ನ ಕಣ್ಣು ತುಂಬಿತು. ಒಬ್ಬರು ವಿಡಿಯೋ ಮಾಡುತ್ತಿದ್ದರು.

ತೋಟದ ಕೆಲಸದವನೊಬ್ಬ ಬುಟ್ಟಿ ಹಿಡಿದು ಕೇಳುತ್ತಾ ನಿಂತಿದ್ದ. ಅವನಿಗೂ ತಿಳಿಯಲೆಂದು, "ಬಹುತ್ ದೂರ್ ಸೇ ಆಯಾ ಹೈ ಭಾಯ್" ಎಂದೆ.

"ದೂರದಿಂದ ಅಲ್ಲಣ್ಣ" ಎಂದ, ಅಪ್ಪಟ ಬಂಟ್ವಾಳದ ಕನ್ನಡದಲ್ಲಿ. "ಆ ಶೆಡ್ಡಿನಿಂದ. ಬೆಳಿಗ್ಗೆ ಗೂಡಿನ ಬಾಗಿಲು ಹಾಕ್ಲಿಕ್ಕೆ ಮರೆತೆ. ಸಾಕಿದ್ದು ಇದು, ಹಾರ್ಲಿಕ್ಕೆ ಬರುವುದಿಲ್ಲ."

ಟೀಚರ್ ಬೆನ್ನು ತಿರುಗಿಸಿ ನಿಂತರು. ಅವರ ಭುಜ ಕುಲುಕುತ್ತಿತ್ತು. ವಿಡಿಯೋ ಇನ್ನೂ ನಡೆಯುತ್ತಿತ್ತು.

ಅವನು ಹಕ್ಕಿಯನ್ನು ಬುಟ್ಟಿಗೆ ಹಾಕಿಕೊಂಡು ವಿನಯದಿಂದ ಕೇಳಿದ: "ಇವತ್ತು ಧನಿಗಳ ನೆಂಟರಿಗೆ ಲಾವಕ್ಕಿ ಬಿರಿಯಾನಿ. ಊರಿನವರು ನೀವು, ನಿಮಗೂ ತರ್ಲಾ?"

ಕೆನ್ನೆಯ ಮೇಲೆ ಕಣ್ಣೀರು ಇನ್ನೂ ಆರಿರಲಿಲ್ಲ. ಛೇ, ಬೇಡ ಎನ್ನಲೆಂದೇ ಬಾಯಿ ತೆರೆದೆ.

"ಎರಡು ಪ್ಲೇಟ್" ಎಂದುಬಿಟ್ಟಿತು ಬಾಯಿ.