ಜೋಳದ ಗಂಜಿಯ ಕೈಚೀಲ

ಇಂಡಿ ಊರಿನ ನಮ್ಮ ಶೆಡ್ಡಿನಲ್ಲಿ ಬ್ಯಾಡಂದರೂ ಏನಾದರೊಂದು ಆಗುತ್ತಲೇ ಇರುತ್ತದೆ. ಜೋಳದ ಗಂಜಿಗೆ ನಿಂಬಿ ಸಿಪ್ಪೆಯ ಅಂಟು ಕೂಡಿಸಿ ಕುದಿಸುತ್ತೇವೆ. ತೆಳ್ಳಗೆ ಹರವಿ ಒಣಗಿಸಿ, ಪ್ಲಾಸ್ಟಿಕ್ಕಿನ ಬದಲು ಕೈಚೀಲ ಮಾಡುತ್ತೇವೆ. ಶೆಡ್ಡು ನಡೆಸುವಾಕಿ, ಓದಿದಾಕಿ ಮೇಡಂ. ಕುದಿಯೋ ಗಂಜಿಯಾಗ ಹುಟ್ಟು ತಿರುವಾಂವ ನಾನು. ಮನಿಯಾಕಿ ತೀರಿಕೊಂಡ ಮೇಲೆ ಮನಿಯಾಗ ಕೂಡಲಾಗದೆ ಇಲ್ಲಿಗೆ ಬಂದೆ.

೧. ಹಪ್ಪಳ

ಗಂಜಿಯ ಹಾಳೆಗಳನ್ನು ಮಾಳಿಗಿ ಮೇಲೆ ಒಣಹಾಕಿದ್ದೆವು. ಸಂಜಿಗೆ ನೋಡಿದರೆ ಅರ್ಧ ಇಲ್ಲ. ಬಾಜೂ ಮನಿಯ ಕಾಕು ತಾಟು ಹಿಡಿದು ಬಂದರು.

"ಮಾಡ ಆಗಿತ್ತು, ಮಳಿ ಬಂದೀತಂತ ಎತ್ತಿಟ್ಟೆ. ನಾಕು ಕರದೂ ನೋಡಿದೆ. ಉಬ್ಬಲೇ ಇಲ್ಲ. ಉಪ್ಪೂ ಮರತೀರಿ."

ಮೇಡಂಗೆ ಗಾಬರಿ. "ತಿಂದ್ರೇನ್ರಿ?"

"ನಾ ಯಾಕ ತಿನ್ಲೆವ್ವಾ? ಬೀಗರು ಬಂದಿದ್ರು, ಅವರಿಗೆ ಕೊಟ್ಟೆ."

೨. ಆಡು

ನಮ್ಮ ಚೀಲದ ತುಂಬ ನಿಂಬಿಹಣ್ಣು ಹಾಕಿಕೊಂಡು ಸಿಂದಗಿ ಬಸ್ಸು ಹತ್ತಿದೆ. ಗಟ್ಟಿ ಐತೋ ಇಲ್ಲೋ ನೋಡಬೇಕಿತ್ತು. ಗಟ್ಟಿ ಇತ್ತು. ಆದರೆ ಬಾಜೂದಾಂವನ ಕಾಲಾಗ ಒಂದು ಆಡು ಇತ್ತು. ಅದು ಚೀಲ ತಿಂದಿತು. ಹಣ್ಣು ಬಸ್ಸಿನ ತುಂಬ ಉರುಳಿದವು. ನಾನು ಜಗಳಕ್ಕೆ ನಿಂತೆ.

ಕಂಡಕ್ಟರ್ ನಡುವೆ ಬಂದು ಆಡಿನಾಂವಗೆ ಅಂದ: "ಆಡಿಗೆ ಟಿಕೀಟು ತಗಿಸೀದಿ, ಖರೆ. ಊಟದ್ದು ತಗಿಸಿಲ್ಲಲೇ!"

೩. ಅಂಗಿ

ಚೀಲ ಯಾರೂ ಕೊಳ್ಳಲಿಲ್ಲ. "ತಾಳಿಕೋಟಿ ಸಂತ್ಯಾಗ ನಡೀಲಿಲ್ಲಂದ್ರ ಶೆಡ್ಡಿಗೆ ಕೀಲಿ ಹಾಕೂದ್ರಿ, ಕಾಕಾ," ಅಂದರು ಮೇಡಂ. ಕೀಲಿ ಬಿದ್ದರೆ ಮುಂಜಾನೆದ್ದು ನಾನು ಎಲ್ಲಿಗೆ ಹೋಗಲಿ?

ಸಂತೆಯಲ್ಲಿ ಕೊತ್ತಂಬರಿ ಮಾರುವಾಕಿಗೆ ಒಂದು ಕಟ್ಟು ಚೀಲ ಕೊಟ್ಟೆವು. ಆಕಿ ರೂಢಿ ಪ್ರಕಾರ ಸೊಪ್ಪಿಗೆ ನೀರು ಚಿಮುಕಿಸಿದಳು. ಅದೇ ಕೈಲೆ ಚೀಲಕ್ಕೂ ಚಿಮುಕಿಸಿದಳು. ಇಡೀ ಕಟ್ಟೇ ಅಂಬಲಿ ಆತು. ಬಾಚಿ ತೆಗೆಯಲು ಹೋಗಿ ಅಂಗಿ ತುಂಬ ಮೆತ್ತಿಕೊಂಡೆ. ಕೈ ಚಾಚಿ ಬಿಸಿಲಿಗೆ ನಿಂತೆ. ಒಣಗಿದ ಮೇಲೆ ಅಂಗಿ ತಗಡಾಗಿತ್ತು. ಚಾಚಿದ ಕೈ ಚಾಚಿದಂಗೇ ಉಳಿದವು.

ಎದುರಿನ ಇಸ್ತ್ರಿ ಅಂಗಡಿಯವನು ಎಲ್ಲಾ ನೋಡುತ್ತಿದ್ದ, ಓಡಿ ಬಂದ. ಅಂಗಿಯನ್ನು ಬೆರಳಿನಿಂದ ಬಾರಿಸಿ ನೋಡಿದ.

"ಯಪ್ಪಾ, ಎಂಥಾ ಗಂಜಿರಿ ಇದು! ಧೋತರದ ಮಂದಿ ಇದಕ್ಕ ಜೀವಾ ಬಿಡ್ತಾರ. ಮಾಡಿದ್ದೆಲ್ಲಾ ನನಗ ಕೊಡ್ರಿ. ಬಟ್ಟಿ ಈ ಚೀಲದಾಗ ಹಾಕಿ ಕೊಡ್ತೇನಿ. ಮನ್ಯಾಗ ಒಗದಮ್ಯಾಲೆ ಚೀಲಾನ ನೀರಾಗ ಕರಗಿಸಿದ್ರ ಆತು, ಗಂಜಿ!"

"ಹಂಗಾರ ಕೀಲಿ ಹಾಕೂದಿಲ್ಲ ಬಿಡ್ರಿ ಕಾಕಾ," ಅಂದರು ಮೇಡಂ.

ನನಗೆ ಕಣ್ಣು ತುಂಬಿ ಬಂದವು. ಆ ಇಸ್ತ್ರಿಯವನಿಗೆ ಕೈ ಮುಗಿಯಲು ಹೋದೆ. ತೋಳು ಮಡಚಲೊಲ್ಲವು. ಚಾಚಿಕೊಂಡೇ ಮುಂದೆ ಹೋದೆ. ಅಪ್ಪಿಕೊಳ್ಳಲು ಬಂದೆನೆಂದು ತಿಳಿದು ಅವನೇ ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡ.

ಅಂಗಿ ಹರಿಯಲಿಲ್ಲ. ಮುರಿಯಿತು.