ಮನೆ ಬದಲಿಸಿದ ವೈಪರ್ ಮೋಟರ್

ಖಜಾನೆ ಕಚೇರಿಯ ಗುಮಾಸ್ತ ಗಂಗಾಧರನ ಕಷ್ಟಕ್ಕೆಲ್ಲ ಮೂಲ ನಾಲ್ಕು ಮೆಣಸಿನಕಾಯಿ ಬೋಂಡ. ಅವನ್ನು ಕಟ್ಟಿಕೊಟ್ಟಿದ್ದ ಕಾಗದ ಯಾವುದೋ ಇಂಗ್ಲಿಷ್ ಕಾರು ಪತ್ರಿಕೆಯ ಬಣ್ಣದ ಹಾಳೆ. ಬೋಂಡ ತಿಂದು ಅದರಲ್ಲೇ ಕೈ ಒರೆಸಿಕೊಳ್ಳಲು ಹೋದವನು, ಎಣ್ಣೆ ಕಲೆಗಳ ನಡುವೆ ಒಂದು ಹಳೆಯ ಕಾರಿನ ಚಿತ್ರ ಕಂಡು ಹಾಗೇ ನಿಂತುಬಿಟ್ಟ. ಕಾರಿನ ಬಾನೆಟ್ ಎತ್ತಿತ್ತು. ಎಂಜಿನ್ನಿನ ಹಿಂದಿನ ತಗಡಿನ ಗೋಡೆ ಹಬ್ಬಕ್ಕೆ ಬೆಳಗಿದ ತಟ್ಟೆಯಂತೆ ಬೋಳಾಗಿ ಹೊಳೆಯುತ್ತಿತ್ತು. ಅಲ್ಲಿದ್ದ ವೈಪರ್ ಮೋಟರನ್ನು ಕಿತ್ತು, ಡ್ಯಾಶ್‌ಬೋರ್ಡ್ ಕೆಳಗೆ ಕಣ್ಣಿಗೆ ಬೀಳದಂತೆ ಅಡಗಿಸಿದ್ದಾರೆಂದು ಚಿತ್ರದ ಅಡಿಯಲ್ಲಿ ಬರೆದಿತ್ತು.

ತುಮಕೂರಿನ ಗಂಗಾಧರನ ಮನೆ ಮುಂದೆಯೂ ಒಂದು ಹಳೆಯ ಕಾರಿತ್ತು. ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಅವನ ಅಪ್ಪ ಪುಟ್ಟರಂಗಯ್ಯ ಐವತ್ತೆಂಟನೇ ಇಸವಿಯಲ್ಲಿ ಕೊಂಡ ಕರಿಯ ಇಂಗ್ಲೆಂಡ್ ಕಾರು. ಅದನ್ನು ತಯಾರಿಸಿದ ಕಂಪನಿ ಎಂದೋ ಮುಚ್ಚಿತ್ತು. ಅಪ್ಪ ತೀರಿಕೊಂಡೇ ಹದಿನೆಂಟು ವರ್ಷವಾಗಿತ್ತು. ಆದರೆ ಬಾಗಿಲು ತೆರೆದರೆ ಕೊಬ್ಬರಿ, ನಶ್ಯ, ಬೆವರು ಬೆರೆತ ಅಪ್ಪನ ವಾಸನೆ ಈಗಲೂ ಬರುತ್ತಿತ್ತು. ಕಚೇರಿಯಲ್ಲಿ ಬೈಸಿಕೊಂಡು ಬಂದ ದಿನ ಗಂಗಾಧರ ಗಾಡಿ ಸ್ಟಾರ್ಟ್ ಮಾಡದೆ ಹತ್ತು ನಿಮಿಷ ಸುಮ್ಮನೆ ಅದರೊಳಗೆ ಕೂತು ಎದ್ದು ಬರುತ್ತಿದ್ದ.

ಹೆಂಡತಿ ಮಂಜುಳಮ್ಮನಿಗೆ ಈ ವಾಸನೆಯೆಲ್ಲ ಗೊತ್ತಾಗುತ್ತಿರಲಿಲ್ಲ. ಗೊತ್ತಾಗುತ್ತಿದ್ದದ್ದು ಪೆಟ್ರೋಲಿನದೊಂದೇ.

"ಓಡೋದಕ್ಕಿಂತ ನಿಲ್ಲೋದೇ ಜಾಸ್ತಿ ಇದು. ಕುಣಿಗಲ್ಲಲ್ಲಿ ಹಳೇ ಕಾರುಗಳ ಪ್ರದರ್ಶನ ಇದೆ ಅಂತಿದ್ರಲ್ಲ, ಅಲ್ಲಿಂದ ಬಹುಮಾನದ ಕಪ್ಪೊಂದಾದ್ರೂ ತನ್ನಿ. ಇಲ್ದಿದ್ರೆ ಮಾರನೇ ದಿನವೇ ಗುಜರಿಯವ್ನನ್ನ ನಾನೇ ಕರೀತೀನಿ" ಎಂದಳು. ಮಂಜುಳಮ್ಮ ಹೇಳಿದ್ದನ್ನು ಮಾಡದೆ ಬಿಟ್ಟ ಇತಿಹಾಸವಿರಲಿಲ್ಲ.

ಪ್ರದರ್ಶನದಲ್ಲಿ ಎರಡು ವಿಭಾಗಗಳಿದ್ದವು. ಕಂಪನಿಯಿಂದ ಬಂದ ಹಾಗೇ ಇರುವ ಕಾರುಗಳದ್ದು ಒಂದು, ಮಾಲೀಕರು ಮಾರ್ಪಾಡು ಮಾಡಿಸಿದ ಕಾರುಗಳದ್ದು ಇನ್ನೊಂದು. ಗಂಗಾಧರ ಎರಡನೆಯದಕ್ಕೆ ಹೆಸರು ಕೊಟ್ಟು, ಬೋಂಡದ ಕಾಗದ ಹಿಡಿದು ಅಕ್ರಂ ಪಾಷಾನ ಗ್ಯಾರೇಜಿಗೆ ಹೋದ.

ಅಕ್ರಂ ಕಾಗದವನ್ನು ಮೂಸಿ ನೋಡಿದ. "ಆಗಲ್ಲ ಅನ್ನೋ ಮಾತೇ ನಮ್ ಗ್ಯಾರೇಜಲ್ಲಿಲ್ಲ ಸಾರ್. ಬಾನೆಟ್ ಒಳಗೆ ಮುಖ ನೋಡ್ಕೊಂಡು ನೀವು ತಲೆ ಬಾಚ್ಕೋಬೇಕು, ಹಂಗ್ ಮಾಡ್ಕೊಡ್ತೀನಿ."

ಹನ್ನೆರಡು ದಿನ ಕೆಲಸ ನಡೆಯಿತು. ಮೋಟರು ಬಾನೆಟ್ಟಿನಿಂದ ಎದ್ದು ಡ್ಯಾಶ್‌ಬೋರ್ಡಿನ ಕೆಳಗೆ, ಮುಂದಿನ ಸೀಟಿನಲ್ಲಿ ಕೂತವರ ಮಂಡಿಯ ಹತ್ತಿರ ಹೋಗಿ ಕೂತಿತು. ಹಳೆಯ ಜಾಗದ ತೂತುಗಳನ್ನು ಅಕ್ರಂ ವೆಲ್ಡಿಂಗ್ ಮಾಡಿ ಮುಚ್ಚಿ, ಉಜ್ಜಿ, ಬಣ್ಣ ಹೊಡೆದ. ತಗಡು ನಿಜಕ್ಕೂ ಕನ್ನಡಿಯಾಯಿತು.

ಪ್ರದರ್ಶನದ ದಿನ, ಭಾನುವಾರ ಬೆಳಿಗ್ಗೆ, ಗಂಗಾಧರ ಕಾರಿನ ಬಾಗಿಲು ತೆರೆದರೆ ಹಿಂದಿನ ಸೀಟಿನಲ್ಲಿ ಆಗಲೇ ಪಕ್ಕದ ಮನೆಯ ವೆಂಕಟರಂಗಯ್ಯ ಕೂತಿದ್ದರು. ನಿವೃತ್ತ ಬಸ್ ಡ್ರೈವರು. ಮಡಿಲಲ್ಲಿ ಚಿತ್ರಾನ್ನದ ಡಬ್ಬಿ.

"ಮೂವತ್ತೈದು ವರ್ಷ ಬಸ್ ಓಡ್ಸಿದೀನಿ ಕಣೋ. ನಾನಿಲ್ದೆ ಹೆಂಗೋಯ್ತೀಯ ನೀನು?"

ಅವರ ಪಕ್ಕದಲ್ಲಿ ಅಕ್ರಂ, ಮುಂದೆ ಮಂಜುಳಮ್ಮ. ಹೆಬ್ಬೂರು ಇನ್ನೂ ಎರಡು ಮೈಲಿ ಇರುವಾಗ ಮಳೆ ಹನಿಯತೊಡಗಿತು. ಗಂಗಾಧರ ಹೆಮ್ಮೆಯಿಂದ ವೈಪರ್ ಸ್ವಿಚ್ ತಿರುಗಿಸಿದ.

ವೈಪರು ಓಡಿತು. ಅದರ ಜೊತೆಗೇ ಹಾರ್ನೂ ಹೊಡೆದುಕೊಂಡಿತು. ಒಮ್ಮೆ ಕೂಗಿ ನಿಲ್ಲುವ ಹಾರ್ನಲ್ಲ, ತಾಯಿಯನ್ನು ಕಳೆದುಕೊಂಡ ಕರುವಿನಂತೆ ಒಂದೇ ಸಮನೆ ಅರಚುವ ಹಾರ್ನು. ಗಂಗಾಧರ ಗಾಬರಿಯಿಂದ ಸ್ವಿಚ್ ಆರಿಸಿದ. ಎರಡೂ ನಿಂತವು. ಗಾಜಿನ ಮೇಲೆ ನೀರು ಇಳಿದು ರಸ್ತೆ ಮಾಯವಾಯಿತು. ಮತ್ತೆ ಹಾಕಿದ. ರಸ್ತೆ ಕಂಡಿತು, ಕಿವಿ ಹೋಯಿತು.

"ಎರಡು ವೈರ್ ಕೂಡ್ಕೊಂಡವೆ ಸಾರ್. ಬಿಡಿಸೋದು ಹತ್ತೇ ನಿಮಿಷ" ಎಂದ ಅಕ್ರಂ.

"ಬಿಡಿಸಪ್ಪ ಮತ್ತೆ!"

"ಅದಕ್ಕೆ ಮೊದ್ಲು ಡ್ಯಾಶ್‌ಬೋರ್ಡ್ ಬಿಚ್ಬೇಕಲ್ಲ. ಅದಕ್ಕೆ ಎರಡು ಗಂಟೆ."

ಹನ್ನೊಂದು ಗಂಟೆಗೆ ಪ್ರದರ್ಶನದ ಗೇಟು ಮುಚ್ಚುತ್ತಿತ್ತು. ಗಂಗಾಧರ ಹಲ್ಲು ಕಚ್ಚಿ ಸ್ವಿಚ್ ತಿರುಗಿಸಿದ.

ಹೆಬ್ಬೂರಿನ ಜನ ಏನೋ ಅನಾಹುತವೆಂದು ಬಾಗಿಲಿಗೆ ಬಂದರು. ಆಂಬ್ಯುಲೆನ್ಸ್ ಎಂದುಕೊಂಡು ಎದುರಿಗೆ ಬಂದ ಬಸ್ಸು ಮಣ್ಣಿಗಿಳಿದು ದಾರಿ ಬಿಟ್ಟಿತು. ಒಬ್ಬ ಮುದುಕ ಟೋಪಿ ತೆಗೆದು ಕೈ ಮುಗಿದ. ಹೊಸ ಜಾಗಕ್ಕೆ ಬಂದ ಮೋಟರು ಮಂಜುಳಮ್ಮನ ಮಂಡಿಯ ಬಳಿ ರಾಗಿ ಮಿಷನ್ನಿನಂತೆ ಗುಡುಗುತ್ತಿತ್ತು. ಅವಳು ಎರಡೂ ಕಾಲು ಮಡಚಿ ಸೀಟಿನ ಮೇಲಿಟ್ಟು, ಕಿವಿಗೆ ಸೆರಗು ಒತ್ತಿಕೊಂಡು ಕೂತಳು. ಹಿಂದಿನಿಂದ ವೆಂಕಟರಂಗಯ್ಯ "ಗೇರ್ ಇಳ್ಸೋ! ಎಡಕ್ಕೆ ತಗಳ್ಳೋ!" ಎಂದು ಕೂಗುತ್ತಿದ್ದದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ಈ ಹಾರ್ನಿನಿಂದ ಆದ ಒಂದೇ ಉಪಕಾರ ಅದು.

ಊರಾಚೆ ಪೊಲೀಸ್ ಪೇದೆಯೊಬ್ಬ ಕೈ ಅಡ್ಡ ಹಿಡಿದ.

"ಯಾಕ್ರೀ ಹಿಂಗೆ ಹಾರ್ನ್ ಹೊಡೀತಾ ಇದೀರಾ?"

"ಮಳೆ ಬರ್ತಿದೆ ಸಾರ್" ಎಂದ ಗಂಗಾಧರ.

ಪೇದೆ ಆಕಾಶ ನೋಡಿದ, ಗಂಗಾಧರನನ್ನು ನೋಡಿದ. "ಮಳೆ ಏನು ದನವಾ, ಹಾರ್ನ್ ಹೊಡುದ್ರೆ ಪಕ್ಕಕ್ಕೋಗಕ್ಕೆ?"

ಅಕ್ರಂ ಇಳಿದು ಮೋಟರಿನ ಕತೆಯನ್ನೆಲ್ಲ ಹೇಳಿದ. ವೆಂಕಟರಂಗಯ್ಯ ಚಿತ್ರಾನ್ನದ ಡಬ್ಬಿ ಮುಂದೆ ಚಾಚಿದರು. ಪೇದೆ ಎರಡು ತುತ್ತು ತಿಂದು, "ಮಳೆ ನಿಲ್ಲೋಗಂಟ ಇಲ್ಲೇ ನಿಂತಿರ್ರಿ" ಎಂದು ತೀರ್ಪು ಕೊಟ್ಟ. ಮಳೆ ನಿಂತು ಅವರು ಕುಣಿಗಲ್ ಮೈದಾನ ಸೇರುವಾಗ ಕಾವಲುಗಾರ ಗೇಟಿನ ಒಂದು ಬದಿ ಎಳೆದಾಗಿತ್ತು. ಇನ್ನೊಂದನ್ನು ಎಳೆಯುವಷ್ಟರಲ್ಲಿ ಕಾರು ಒಳಕ್ಕೆ ನುಗ್ಗಿತು.

ಮಾರ್ಪಾಡು ವಿಭಾಗದ ಸರದಿ ಬರುವಾಗ ಮಧ್ಯಾಹ್ನವಾಗಿತ್ತು. ತೀರ್ಪುಗಾರರು ಎಂಬತ್ತರ ಹತ್ತಿರದ ಲಕ್ಷ್ಮೀನರಸಿಂಹಯ್ಯ. ಒಂದು ಕಾಲಕ್ಕೆ ಹೆಸರಾಂತ ಮೆಕ್ಯಾನಿಕ್ಕು. ಬಿಳಿ ಪಂಚೆ, ಕೈಯಲ್ಲೊಂದು ಟಾರ್ಚು. ಗಂಗಾಧರ ಬಾನೆಟ್ ಎತ್ತಿದ. ಸುತ್ತಲಿದ್ದವರೆಲ್ಲ "ಆಹಾ" ಎಂದರು. ಅಕ್ರಂ ಕಾಲರು ಸರಿಮಾಡಿಕೊಂಡ. ಮುದುಕರು ಬಗ್ಗಿ ತಗಡಿನಲ್ಲಿ ತಮ್ಮ ಮುಖ ನೋಡಿಕೊಂಡರು. ಆಮೇಲೆ ಮುಂದಿನ ಬಾಗಿಲು ತೆಗೆದು, ಕಷ್ಟಪಟ್ಟು ತಲೆ ಒಳಗಿಟ್ಟು, ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚು ಬಿಟ್ಟರು. ಬಹಳ ಹೊತ್ತು ಹೊರಗೆ ಬರಲಿಲ್ಲ.

"ಇದರಲ್ಲಿ ಮಾರ್ಪಾಡು ಎಲ್ಲಿದೆ?" ಎಂದರು ಎದ್ದು.

"ವೈಪರ್ ಮೋಟರ್ ಸಾರ್! ಬಾನೆಟ್ಟಿಂದ ಒಳಗಡೆ ಹಾಕ್ಸಿದೀನಿ."

"ಈ ಗಾಡೀಲಿ ಕಂಪನಿಯೋರೇ ಅಲ್ಲಿ ಕೂರ್ಸಿದ್ದು ಕಣಪ್ಪ. ನಾಲ್ಕು ಬೋಲ್ಟಿನ ತೂತೂ ಕಂಪನಿದೇ."

ಗಂಗಾಧರ ತಿರುಗಿ ಅಕ್ರಂನ ಮುಖ ನೋಡಿದ. ಅಕ್ರಂ ನೆಲ ನೋಡಿದ. "ತೂತು ಮೊದ್ಲೇ ಇದ್ವು ಸಾರ್. ಅಲ್ಲಾನೇ ಕೊಟ್ಟ ಅನ್ಕೊಂಡು ಹಾಕ್ಬುಟ್ಟೆ."

"ಹಾಗಾದ್ರೆ ನನ್ನ ಕಾರನ್ನ ಒರಿಜಿನಲ್ ವಿಭಾಗಕ್ಕೇ ಸೇರಿಸ್ಕೊಳ್ಳಿ ಸಾರ್" ಎಂದು ಗಂಗಾಧರ ಬೇಡಿಕೊಂಡ.

"ಸೇರಿಸ್ಬೋದಿತ್ತು. ಗೆಲ್ಲೋ ಗಾಡಿನೂ ಹೌದು. ಆದ್ರೆ ಆ ಕಪ್ಪು ಕೊಟ್ಟು ಅರ್ಧ ಗಂಟೆ ಆಯ್ತಲ್ಲ."

ಮುದುಕರು ಮುಂದೆ ಹೋಗಲಿಲ್ಲ. ನಂಬರ್ ಪ್ಲೇಟಿನ ಮೇಲೆ ಬೆರಳಾಡಿಸಿ ಕೇಳಿದರು: "ಗುಬ್ಬಿ ಕೊಬ್ಬರಿ ಪುಟ್ಟರಂಗಯ್ಯನೋರು ನಿಮಗೇನಾಗ್ಬೇಕು?"

"ನಮ್ಮಪ್ಪ."

"ಮೋಟರನ್ನ ಅಲ್ಲಿಂದ ಕಿತ್ತು ಬಾನೆಟ್ಟಿಗೆ ಹಾಕ್ಕೊಟ್ಟೋನು ನಾನೇ. ಆಗ ಗುಬ್ಬೀಲಿದ್ದೆ. ನಿಮಗೆ ಅಣ್ಣ ಇದಾನಾ?"

"ಇಲ್ಲ. ನಾನೊಬ್ಬನೇ."

"ಹಾಗಾದ್ರೆ ಆ ಮಗು ನೀನೇ. ಹುಟ್ದಾಗಿಂದ ಉಬ್ಬಸ ನಿಂಗೆ. ಮಳೆ ಬಂದ್ರೆ ಜಾಸ್ತಿ ಆಗೋದು, ಮಳೇಲೇ ತುಮಕೂರಿಗೆ ಡಾಕ್ಟರತ್ರ ಕರ್ಕೊಂಡು ಓಡ್ಬೇಕು. ವೈಪರ್ ಹಾಕಿದ್ರೆ ಆ ಸದ್ದಿಗೆ ಬೆಚ್ಚಿ ಅತ್ತು ಅತ್ತು ನೀಲಿಗಟ್ಟೋನು. ನಿಮ್ಮಪ್ಪ ಕೊಬ್ಬರಿ ಸೀಸನ್ನಲ್ಲಿ ಅಂಗಡಿ ಮುಚ್ಕೊಂಡು ಮೂರು ದಿನ ನನ್ನ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತಿದ್ರು. ಕೆಲ್ಸ ಮುಗೀತು, ನಿನ್ನ ತೊಡೆ ಮೇಲೆ ಮಲಗಿಸ್ಕೊಂಡು ಸ್ವಿಚ್ ಹಾಕಿದ್ರು. ನೀನು ಅಳ್ಲಿಲ್ಲ. ಅವರು ಅತ್ತುಬುಟ್ರು."

ವೆಂಕಟರಂಗಯ್ಯ ಚಿತ್ರಾನ್ನದ ಡಬ್ಬಿಯನ್ನು ಮುದುಕರ ಮುಂದೆ ಚಾಚಿದರು.

ಮೊದಲು ಮಾತಾಡಿದವಳು ಮಂಜುಳಮ್ಮ. "ಗುಜರಿ ಮಾತು ಇನ್ನ ಎತ್ತಲ್ಲ ಬಿಡಿ" ಎಂದು ಮೂಗೊರೆಸಿಕೊಂಡಳು. ಸ್ವಲ್ಪ ತಡೆದು, "ಆದ್ರೆ ವಾಪಸ್ ನಾನು ಬಸ್ಸಲ್ಲಿ ಬರ್ತೀನಿ" ಎಂದಳು. ವೆಂಕಟರಂಗಯ್ಯ ಡಬ್ಬಿ ಎತ್ತಿಕೊಂಡು ಅವಳ ಹಿಂದೆಯೇ ಹೊರಟರು.

ಗಂಗಾಧರ ಅಕ್ರಂನ ಭುಜ ಹಿಡಿದ. "ನಾಳೇನೇ ಮೋಟರನ್ನ ವಾಪಸ್ ಬಾನೆಟ್ಟಿಗೆ ಹಾಕು. ಅಪ್ಪ ಹಾಕ್ಸಿದ್ದ ಜಾಗಕ್ಕೇ ಹಾಕ್ಬೇಕು, ಒಂದು ಕೂದ್ಲೆಳೆ ಆಚೀಚೆ ಆಗಬಾರ್ದು."

"ತೂತು ಮುಚ್ಚಿ ಉಜ್ಜಿದ್ಮೇಲೆ ಅದು ಯಾವ ಜಾಗ ಅಂತ ನಂಗೂ ಗೊತ್ತಾಗಲ್ವಲ್ಲ ಸಾರ್" ಎಂದ ಅಕ್ರಂ ಮೆಲ್ಲಗೆ.

ಗಂಗಾಧರ ಬಗ್ಗಿ ಆ ನುಣುಪು ತಗಡಿನ ಮೇಲೆ ಅಂಗೈ ಇಟ್ಟು, ಈ ತುದಿಯಿಂದ ಆ ತುದಿಗೆ ಸವರಿದ. ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಸವರಿದ. ಎಲ್ಲಿಯೂ ಏನೂ ಸಿಗಲಿಲ್ಲ. ಅಕ್ರಂ ಪಾಷಾನ ಕೆಲಸ ಅಷ್ಟು ಚೆನ್ನಾಗಿತ್ತು.