‘ಮುಂದಿನದು’ ಒತ್ತಿದರೆ ಮತ್ತೊಂದು ಗುದ್ದು

ನನ್ನ ಹೆಂಡತಿಗೂ ನನ್ನ ಅಕ್ಕನಿಗೂ ಒಂದು ವರ್ಷ ಮಾತಿರಲಿಲ್ಲ. ಇದರಿಂದ ಅವರಿಬ್ಬರಿಗೆ ಏನೂ ತೊಂದರೆಯಾಗಲಿಲ್ಲ, ಆದದ್ದೆಲ್ಲ ನನಗೆ. ಹಾನಗಲ್ಲಿನಿಂದ ಅಕ್ಕ ಫೋನ್ ಮಾಡಿ “ನಿನ್ನ ಹೇಣ್ತಿಗೆ ಹೇಳು” ಎನ್ನುವುದು, ಪಕ್ಕದಲ್ಲೇ ನಿಂತ ಹೆಂಡತಿ “ನಿಮ್ಮ ಅಕ್ಕಾರಿಗೆ ಹೇಳ್ರಿ” ಎನ್ನುವುದು, ನಾನು ನಡುವೆ ನಿಂತು ಮಾತಿನ ಮುಳ್ಳು ತೆಗೆದು ಆ ಕಡೆ ಈ ಕಡೆ ಸಾಗಿಸುವುದು. (ಫೋನಿನ ಸ್ಪೀಕರ್ ಹಚ್ಚಿಯೇ ಇರುತ್ತಿತ್ತು. ಒಬ್ಬರದು ಇನ್ನೊಬ್ಬರಿಗೆ ಚೆನ್ನಾಗಿ ಕೇಳಿಸುತ್ತಿತ್ತು. ಆದರೂ ನಾನು ಹೇಳಲೇಬೇಕು.)

ಜಗಳದ ಮೂಲ ಖಾರ, ನಮ್ಮೂರಿನ ಹೆಸರಾಂತ ಕುರುಕಲು ತಿಂಡಿ. ಸವಣೂರಿನವರಾದ ನಾವು ಯಾರ ಮನೆಗೆ ಹೋದರೂ ಕೈಯಲ್ಲಿ ಒಂದು ಖಾರದ ಪೊಟ್ಟಣ ಹಿಡಿದೇ ಹೋಗುವವರು. ಹಾಗೆ ನನ್ನ ಹೆಂಡತಿ ಭಾಗ್ಯಶ್ರೀ ಒಯ್ದಿದ್ದ ಖಾರವನ್ನು ಅಕ್ಕ ಮಂಜವ್ವ ನಾಲ್ಕು ಮಂದಿಯ ಎದುರು ಬಾಯಿಗೆ ಹಾಕಿಕೊಂಡು, “ಮೆತ್ತಗಾಗೇತಲ್ಲಬೇ” ಅಂದಳು. ಅಷ್ಟೇ. ಸವಣೂರು ಸಂಸ್ಥಾನಕ್ಕೇ ಅವಮಾನವಾದವಳಂತೆ ನನ್ನಾಕೆ ಎದ್ದು ಬಂದಳು.

ಈ ಮಹಾಸಮರ ನಿಂತದ್ದು ನಮ್ಮ ಎರಡನೆಯ ಮಗಳ ದೆಸೆಯಿಂದ. ಕೂಸಿಗೆ ಹೆಸರಿಡಬೇಕೆಂದರೆ ಸೋದರತ್ತೆ ಬೇಕೇ ಬೇಕು. ಅಕ್ಕ ಬಂದಳು. ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ “ಕುರ್ರ್” ಎಂದು, “ಮಲ್ಲಿಕಾ” ಎಂದು ಹೆಸರು ಹೇಳಿದಳು. ಹೆಸರು ಹೇಳಿದ ಅತ್ತೆಯ ಬೆನ್ನಿಗೆ ಹಿಂದೆ ನಿಂತ ಹೆಂಗಸರು ಗುದ್ದಬೇಕು, ಅದು ನಮ್ಮ ಕಡೆಯ ಪದ್ಧತಿ. ಎಲ್ಲರೂ ಮುಟ್ಟಿದಂತೆ ಮಾಡಿದರು. ಭಾಗ್ಯಶ್ರೀ ಮಾತ್ರ ಪದ್ಧತಿಗಿಂತ ತುಸು ಜೋರಾಗಿಯೇ ಹಾಕಿದಳು. ಅಕ್ಕ ತಿರುಗಿ ನೋಡಿದಳು. ನನ್ನ ಜೀವ ಬಾಯಿಗೆ ಬಂತು. ಆದರೆ ಅಕ್ಕ ನಕ್ಕುಬಿಟ್ಟಳು, ಇವಳೂ ನಕ್ಕಳು, ಇಬ್ಬರೂ ಒಬ್ಬರ ಬಾಯಿಗೊಬ್ಬರು ಹೋಳಿಗೆ ಇಟ್ಟರು. ನಾನು ಎಲ್ಲವನ್ನೂ ಫೋನಿನಲ್ಲಿ ಹಿಡಿದುಕೊಂಡೆ.

ಇಂಥ ಐತಿಹಾಸಿಕ ಶಾಂತಿ ಒಪ್ಪಂದಕ್ಕೆ ದಾಖಲೆ ಬೇಡವೇ? ಹೋಳಿಗೆಯ ಆ ಫೋಟೋವನ್ನು ನಾಲ್ಕು ತಾಲ್ಲೂಕಿನ ಬಂಧುಬಳಗ ನೋಡಿಬಿಟ್ಟರೆ, ನಾಳೆ ಇವರಿಬ್ಬರೂ ಮತ್ತೆ ಮುಖ ತಿರುಗಿಸಲು ನಾಚಬೇಕಾಗುತ್ತದೆ. ನನ್ನ ಆಸೆ ಇಷ್ಟೇ ಇತ್ತು. ನಾನು ಸವಣೂರಿನಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿಯವನು. ಕಂಪ್ಯೂಟರ್ ಇದೆ, ವಿಡಿಯೋ ನೋಡಿ ವೆಬ್‌ಸೈಟ್ ಮಾಡುವ ವಿದ್ಯೆಯನ್ನೂ ಅಷ್ಟಿಷ್ಟು ಕಲಿತಿದ್ದೆ. ಫೋಟೋ ಗ್ಯಾಲರಿ ಕಟ್ಟುವುದೆಂದು ತೀರ್ಮಾನಿಸಿದೆ.

“ವಾಟ್ಸಾಪಿಗೆ ಹಾಕಿದ್ರ ಆಗೂದಿಲ್ಲೇನ್ರಿ?” ಎಂದಳು ಭಾಗ್ಯಶ್ರೀ.

“ಅಲ್ಲಿ ಹಾಕಿದ್ರ ಗುಡ್ ಮಾರ್ನಿಂಗ್ ರಾಶಿಯೊಳಗ ಮುಚ್ಚಿ ಹೋಗ್ತಾವ. ಇದರಾಗ ಹಂಗಲ್ಲ. ಒಂದು ಫೋಟೋ, ಅದರ ಕೆಳಗ ಎರಡು ಬಟನ್. ‘ಹಿಂದಿನದು’, ‘ಮುಂದಿನದು’. ಒತ್ತಿಕೋಂತ ಹೋಗೂದು. ಕಥಿ ಹೇಳಿದಂಗ ಆಗ್ತೈತಿ.”

“ಪುಸ್ತಕದ ಹಾಳಿ ತಿರುವಿದಂಗ ಅನ್ರಿ. ಅದಕ್ಕೇನು ಇಷ್ಟು ದೊಡ್ಡ ಮಾತು?”

ಹೆಂಡತಿಯರಿಗೆ ತಂತ್ರಜ್ಞಾನದ ಗಾಂಭೀರ್ಯ ಹೇಗೆ ತಿಳಿಸುವುದು! ಬಟನ್ನಿಗೆ ಬಣ್ಣ ಯಾವುದು ಎಂಬುದಕ್ಕೇ ನಮ್ಮಲ್ಲಿ ಒಂದು ಮಧ್ಯಾಹ್ನ ಚರ್ಚೆ ನಡೆಯಿತು. ನಾನು ನೀಲಿ ಎಂದೆ. ಅವಳು, ಶುಭಕಾರ್ಯಕ್ಕೆ ಅರಿಶಿನ ಬಣ್ಣ ಎಂದಳು. ಬಟನ್ ಅರಿಶಿನದ್ದಾಯಿತು. ಒಂದು ಫೋಟೋಕ್ಕೆ ಒಂದು ಪುಟ. ಮೊದಲ ಪುಟವನ್ನು ಬೆವರು ಸುರಿಸಿ ಬರೆದೆ. ಉಳಿದವನ್ನು ಅದನ್ನೇ ಕಾಪಿ ಹೊಡೆದು, ಫೋಟೋ ಬದಲಿಸಿ, ಬಟನ್ ಒತ್ತಿದರೆ ಯಾವ ಪುಟಕ್ಕೆ ಹೋಗಬೇಕೆಂಬುದನ್ನಷ್ಟೇ ತಿದ್ದುತ್ತಾ ಹೋದೆ. ನಡುವೆ ಕೂಸು ಅತ್ತಿತು, ಎತ್ತಿಕೊಂಡೆ. ಬಂದು ಮತ್ತೆ ಕೂತೆ. (ಈ ಕೂಸು ಅತ್ತದ್ದನ್ನು ದಯವಿಟ್ಟು ನೆನಪಿನಲ್ಲಿಡಿ.) ಮುಗಿದೊಡನೆ ಎಲ್ಲ ನೆಂಟರಿಗೂ ಲಿಂಕ್ ಕಳಿಸಿ, ಕಾಲು ಚಾಚಿ ಚಹಾ ಕುಡಿದೆ.

ಮರುದಿನ ಮೊದಲ ಫೋನ್ ಹೆಂಡತಿಯ ತವರು ಚಿಕ್ಕೇರೂರಿನಿಂದ ಬಂತು. ಭಾಗ್ಯಶ್ರೀಯ ತಮ್ಮ ಅಂಬರೀಶ.

“ಮಾವಾರ, ಭಾರಿ ಮಾಡೀರಿ ಬಿಡ್ರಿ! ನಮ್ಮವ್ವ ಬೆಳಗಿನಿಂದ ಅದನ್ನ ಒತ್ತಾಕತ್ತಾಳ, ಕೈ ಬಿಡವಲ್ಲಳು.”

“ಎಲ್ಲಾ ಫೋಟೋ ನೋಡಿದ್ರೇನಪಾ?”

“ಎಲ್ಲಿ ಬಿಡ್ತೈತ್ರಿ ಮುಂದ ಹೋಗಾಕ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಮನಸ್ಸು ಅಷ್ಟೊಂದು ಸಿಕ್ಕಿಕೊಂಡಿದೆ ಎಂದು ನಾನು ತಿಳಿದೆ. ಎದೆ ಉಬ್ಬಿತು.

ಎರಡನೆಯದು ಹಾನಗಲ್ಲಿನದು.

“ಶಿವ್ಯಾ, ನನಗ ಇನ್ನ ಎಷ್ಟು ಗುದ್ದು ಹಾಕಸ್ತಿ?”

“ಯಾಕಕ್ಕಾ, ಏನಾತು?”

“ಪದ್ಧತಿಗಂತ ಒಂದು ಗುದ್ದು ತಿಂದ್ನಿ. ನೀ ಅದನ್ನ ಮಿಷಿನ್ನಿಗೆ ಹಚ್ಚೀಯೇನು? ನಾಳೆ ಬರ್ತೇನಿ, ತಡಿ.”

ಫೋನ್ ಕಟ್ಟಾಯಿತು. ಫೋನಿನಲ್ಲೇ ಗ್ಯಾಲರಿ ತೆರೆದೆ. ‘ಮುಂದಿನದು’ ಒತ್ತುತ್ತಾ ಹೋದೆ. ಗಣಪತಿ ಪೂಜೆ ಬಂತು, ಆರತಿ ಬಂತು, ಅಕ್ಕ ತೊಟ್ಟಿಲಿಗೆ ಬಾಗಿದಳು. ಮುಂದಿನದು: ಭಾಗ್ಯಶ್ರೀಯ ಮುಷ್ಟಿ ಅಕ್ಕನ ಬೆನ್ನ ಮೇಲೆ. ಮುಂದಿನದು: ಅಕ್ಕ ಮತ್ತೆ ತೊಟ್ಟಿಲಿಗೆ ಬಾಗಿದಳು. ಮುಂದಿನದು: ಮತ್ತೆ ಮುಷ್ಟಿ! ಕೂಸು ಅತ್ತ ಹೊತ್ತಿನಲ್ಲಿ ಒಂದು ಪುಟ ತಿದ್ದುವುದು ಮರೆತಿತ್ತು. ಗುದ್ದಿನ ಪುಟದ ಎರಡೂ ಬಟನ್ನು ಬಾಗಿದ ಪುಟಕ್ಕೇ ಹೋಗುತ್ತಿದ್ದವು. ಬೇಗ ಬೇಗ ಒತ್ತಿದರಂತೂ ನನ್ನ ಹೆಂಡತಿ ನನ್ನ ಅಕ್ಕನನ್ನು ಜೋಳ ಕುಟ್ಟಿದಂತೆ ಕುಟ್ಟುತ್ತಿದ್ದಳು. ಹೋಳಿಗೆಯ ಫೋಟೋ ಅದರ ಆಚೆ ಕೂತಿತ್ತು. ಅಲ್ಲಿಗೆ ಒಬ್ಬನೇ ಒಬ್ಬ ನೆಂಟನೂ ತಲುಪಿರಲಿಲ್ಲ.

ಭಾಗ್ಯಶ್ರೀ ಹಿಂದೆ ನಿಂತು ನೋಡಿದಳು. ಮೊದಲು ನಕ್ಕಳು. ನನ್ನ ಕೈಯಿಂದ ಫೋನ್ ಕಸಿದು ಮತ್ತಷ್ಟು ಒತ್ತಿದಳು. ಆಮೇಲೆ ಮುಖ ಸಣ್ಣದಾಯಿತು.

“ಅಕ್ಕಾರು ನೋಡ್ಯಾರೇನ್ರಿ?”

“ನೋಡ್ಯಾಳ. ನಾಳೆ ಬರ್ತಾಳಂತ.”

“ಈಗಷ್ಟ ಒಂದಾಗಿದ್ವಿ… ನಾ ಹಾಕಿದ್ದು ಒಂದ ಗುದ್ದರಿ! ಉಳಿದದ್ದೆಲ್ಲಾ ನೀವ ಹಾಕಿದ್ದು!”

ನಿಜಕ್ಕೂ ಸಂಕಟವಾಯಿತು. ಇನ್ನೊಂದು ವರ್ಷ “ಅವಳಿಗೆ ಹೇಳು, ಅವರಿಗೆ ಹೇಳ್ರಿ” ಎಂದು ಓಡಾಡುವ ತ್ರಾಣ ನನ್ನಲ್ಲಿರಲಿಲ್ಲ. ರಾತ್ರಿ ಗಿರಾಕಿಗಳೆಲ್ಲ ಹೋದ ಮೇಲೆ ಅಂಗಡಿಯ ಬಾಗಿಲು ಅರ್ಧ ಹಾಕಿಕೊಂಡು ಆ ಪುಟ ಸರಿಮಾಡಿದೆ. ಈಗ ಗುದ್ದಿನ ನಂತರ ‘ಮುಂದಿನದು’ ಒತ್ತಿದರೆ ಹೋಳಿಗೆ, ಎಂದರೆ ಶಾಂತಿ.

ಮರುದಿನ ಅಕ್ಕ ಬಂದಳು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಕೂಸನ್ನು ಎತ್ತಿಕೊಂಡು ಕೂತಳು. ಭಾಗ್ಯಶ್ರೀ ನೀರು ತಂದಿಟ್ಟು ಬಾಗಿಲ ಮರೆಗೆ ಸರಿದು ನಿಂತಳು.

“ತೋರಸು” ಎಂದಳು ಅಕ್ಕ.

ಫೋನ್ ಕೊಟ್ಟೆ. ಒತ್ತಿದಳು, ತೊಟ್ಟಿಲು. ಒತ್ತಿದಳು, ಗುದ್ದು. ಒತ್ತಿದಳು, ಹೋಳಿಗೆ. ನಾನು ಅಕ್ಕನ ಕಣ್ಣಲ್ಲಿ ನೀರು ಬರುವುದನ್ನೇ ಕಾಯುತ್ತಿದ್ದೆ.

“ಇದೇನೋ ಇದು? ಕೆಟ್ಟೈತೇನು?”

“ಇಲ್ಲಕ್ಕಾ, ಸರಿ ಮಾಡೀನಿ!”

“ನಿನಗ್ಯಾರು ಸರಿ ಮಾಡಂದ್ರು?” ಅಕ್ಕನ ದನಿ ಏರಿತು. “ಮೊದಲ ಸಿಟ್ಟು ಬಂದಿತ್ತು, ಖರೆ. ಸಂಜಿಮುಂದ ಬಾಜೂಮನಿ ಶಾಹೀನ ಬಂದ್ಲು. ಒತ್ತಿ ಒತ್ತಿ ನಗಾಕ ಹತ್ತಿದ್ಲು, ನನಗೂ ನಗು ತಡೀಲಿಲ್ಲ. ಇಡೀ ಓಣಿ ನಮ್ಮನಿಯಾಗ ಕೂಡಿತ್ತು. ಬಾಗಿದಾಗ ನನ್ನ ಸೀರಿ ಸೆರಗು ಎಷ್ಟು ಚಂದ ಕಾಣ್ತೈತಿ ಅಂತ ಎಲ್ಲಾರೂ ಹೇಳ್ಯಾರ. ಭಾಗ್ಯಾನ್ನ ಕುಂದ್ರಿಸಿಕೊಂಡು ಒತ್ತೋಣು ಅಂತ ಬಂದ್ರ, ಈ ಮಗ ಕೆಡಿಸಿಟ್ಟಾನ!”

“ನಾನೂ ಅದ ಅಂದ್ನಿರಿ ಅಕ್ಕಾರ. ಇವರಿಗೆ ಇದ್ದದ್ದನ್ನ ಇದ್ದಂಗ ಬಿಟ್ಟು ಗೊತ್ತಿಲ್ಲ” ಎಂದು ಬಾಗಿಲ ಮರೆಯಿಂದ ದನಿ ಬಂತು. (ಅವಳು ಹಾಗೆ ಅಂದೇ ಇರಲಿಲ್ಲ.)

ಅಕ್ಕ ಚೀಲದಿಂದ ಒಂದು ಪೊಟ್ಟಣ ತೆಗೆದಳು. ಖಾರ! ಹಾನಗಲ್ಲಿನವಳು ಸವಣೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಸವಣೂರಿನ ಖಾರವನ್ನೇ ಕೊಂಡು, ಸವಣೂರಿನ ಮನೆಗೇ ತಂದಿದ್ದಳು. ಹಳೆಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವಳಿಗೆ ಬರುವ ರೀತಿ ಅದೊಂದೇ. ಭಾಗ್ಯಶ್ರೀ ಪಕ್ಕಕ್ಕೆ ಬಂದು ಕೂತು, ಒಂದು ಹಿಡಿ ಬಾಯಿಗೆ ಹಾಕಿಕೊಂಡು, “ಗರಿಗರಿ ಐತ್ರಿ ಅಕ್ಕಾರ” ಎಂದಳು.

ನಾನೂ ಒಂದಿಷ್ಟು ತಿಂದೆ. ಸುಮ್ಮನೆ ನುಂಗಬಹುದಿತ್ತು.

“ಸ್ವಲ್ಪ ಮೆತ್ತಗಾಗೇತಲ್ಲ?” ಎಂದೆ.

ಇಬ್ಬರೂ ಒಟ್ಟಿಗೆ ನನ್ನತ್ತ ತಿರುಗಿದರು. ಅವರ ಮುಖದಲ್ಲಿ ಅಂಥ ಒಗ್ಗಟ್ಟನ್ನು ನಾನು ಹೋಳಿಗೆಯ ಫೋಟೋದಲ್ಲೂ ಕಂಡಿರಲಿಲ್ಲ.

“ಭಾಗ್ಯಾ, ಇವನೂ ಒಂದ ಸಲ ಕೂಸಿನ ಹೆಸರು ಹೇಳ್ಲಿ.”

“ಹೌದ್ರಿ ಅಕ್ಕಾರ. ಅಪ್ಪ ಆದಾವ್ರು. ರೀ, ಬಾಗ್ರಿ.”

ಸಕ್ಕರೆ ಡಬ್ಬಿಗೆ ಫೋನ್ ಒರಗಿಸಿ, ಸಾಲಾಗಿ ಫೋಟೋ ತೆಗೆಯುವಂತೆ ಟೈಮರ್ ಇಟ್ಟರು. ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದರು. ನಾನು ಬಾಗಿ “ಕುರ್ರ್” ಎನ್ನುವಷ್ಟರಲ್ಲಿ ಎರಡು ಮುಷ್ಟಿ ಬೆನ್ನ ಮೇಲೆ ಬಿದ್ದವು. ಹಾನಗಲ್ ಯಾವುದು, ಚಿಕ್ಕೇರೂರು ಯಾವುದು ಎಂದು ಬೆನ್ನಿಗೆ ತಿಳಿಯಲಿಲ್ಲ. ಕೂಸು ಕೇಕೆ ಹಾಕಿ ನಕ್ಕಿತು.

ಅಂದೇ ಅವರಿಬ್ಬರ ನಡುವೆ ಕೂತು ನಾನು ಗ್ಯಾಲರಿಗೆ ಎರಡು ಹೊಸ ಪುಟ ಸೇರಿಸಿದೆ. ನಾನು ಬಾಗಿದ್ದು ಒಂದು, ಗುದ್ದು ಇನ್ನೊಂದು. ಬಟನ್ನು ಒಂದರಿಂದ ಇನ್ನೊಂದಕ್ಕೆ ಮಾತ್ರ ಹೋಗಬೇಕೆಂದು ಅಪ್ಪಣೆಯಾಯಿತು. ಈ ಸಲ ಕೂಸು ಅಳದಿದ್ದರೂ ನಾನು ಬೇಕೆಂದೇ ಅದೇ ತಪ್ಪನ್ನು ಮಾಡಿದೆ.

ಈಗ ಹಾನಗಲ್ಲಿನಿಂದ ಫೋನ್ ಬಂದರೆ ಅಕ್ಕ “ಭಾಗ್ಯಾಗ ಕೊಡು” ಎನ್ನುತ್ತಾಳೆ. ಕೊಟ್ಟು ನನ್ನ ಪಾಡಿಗೆ ಅಂಗಡಿಗೆ ಹೋಗುತ್ತೇನೆ. ಎಷ್ಟು ಹಾಯೆನಿಸುತ್ತದೆ ಎಂದು ಹೇಳಲಾರೆ. ಮೊನ್ನೆ ಹುಲಗೂರಿನ ಹಜರತಅಲಿ ಎಂಬವರು ಅರ್ಜಿ ತುಂಬಿಸಲು ಬಂದರು. ಬಹಳ ಹೊತ್ತು ನನ್ನನ್ನೇ ದಿಟ್ಟಿಸಿ ನೋಡಿದರು.

“ನಿಮ್ಮನ್ನ ಎಲ್ಲೋ ನೋಡೇನಲ್ರಿ” ಎಂದರು. “ಮಾರಿ ಗುರುತು ಹತ್ತವಲ್ಲದು. ಸ್ವಲ್ಪ ಆ ಕಡೆ ತಿರುಗಿ ಬಾಗ್ರಿ ನೋಡೋಣು.”